ಬಳಸಿದ ಕೂಪೆ ಕೊಳ್ಳುವವರು ತಯಾರಿಕೆಯ ವರ್ಷ ನೋಡಲಿ

ಸಂಪಾದಕರಿಗೆ,

ಮಾನ್ಯರೇ,

ಬಳಸಿದ ಸ್ಪೋರ್ಟ್ಸ್ ಕೂಪೆ, ಅಂದರೆ ಎರಡು ಬಾಗಿಲಿನ ವೇಗದ ಕಾರೊಂದರ ಹಳೆಯ ತಲೆಮಾರನ್ನು ಕೊಳ್ಳಬೇಕೋ ಹೊಸ ತಲೆಮಾರನ್ನು ಕೊಳ್ಳಬೇಕೋ ಎಂಬ ಬಗ್ಗೆ ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ನಿಸಾನ್ ಕಂಪನಿಯ 350ಝಡ್ ಮತ್ತು 370ಝಡ್ ಕಾರುಗಳನ್ನು ಎದುರುಬದುರು ನಿಲ್ಲಿಸಿ, ಶಕ್ತಿ, ಅಳತೆ, ಒಳಾಂಗಣ ಎಂದು ಒಂದೊಂದೇ ಅಂಶವನ್ನು ತೂಗಿ ನೋಡಿ, ಕೈಯಲ್ಲಿರುವ ಹಣಕ್ಕೆ ಸಿಗುವ ಅತಿ ಹೊಸ ತಲೆಮಾರನ್ನೇ ಕೊಳ್ಳುವುದು ಜಾಣತನ ಎಂಬ ತೀರ್ಮಾನಕ್ಕೆ ಲೇಖಕರು ಬಂದಿದ್ದಾರೆ. ಬರಹ ಅಚ್ಚುಕಟ್ಟಾಗಿದೆ, ಕೊಟ್ಟಿರುವ ಅಂಕಿಗಳಲ್ಲೂ ತಪ್ಪಿಲ್ಲ. ಆದರೆ ಕೊಳ್ಳುವವರ ಪರವಾಗಿ ಹಳೆಯ ಕಾರುಗಳನ್ನು ಪರೀಕ್ಷಿಸಿ ವರದಿ ಬರೆದುಕೊಡುವ ವೃತ್ತಿಯಲ್ಲಿರುವ ನನಗೆ, ಲೇಖಕರು ಗೆರೆ ಎಳೆದಿರುವ ಜಾಗವೇ ಸರಿಯಿಲ್ಲ ಎನ್ನಿಸಿತು. ಆ ಎರಡು ಕಾರುಗಳ ನಡುವಿನ ನಿಜವಾದ ಗೆರೆ 350 ಮುಗಿದು 370 ಆರಂಭವಾಗುವಲ್ಲಿ ಇಲ್ಲ. ಅದು 350ರ ನಡುವೆ ಒಮ್ಮೆ, 370ರ ನಡುವೆ ಇನ್ನೊಮ್ಮೆ ಹಾದುಹೋಗುತ್ತದೆ. ಇದನ್ನು ತಿಳಿಯದೆ ಕೇವಲ ತಲೆಮಾರಿನ ಹೆಸರನ್ನು ನಂಬಿ ಹಣ ಕೊಡುವ ಓದುಗರು ನಷ್ಟಕ್ಕೆ ಒಳಗಾಗಬಹುದು ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಕಾರಿನ ತಲೆಮಾರು ಎಂಬುದು ಬಹುಮಟ್ಟಿಗೆ ಮಾರಾಟ ವಿಭಾಗದ ಲೆಕ್ಕ. ಹೊರಮೈಯ ವಿನ್ಯಾಸ ಬದಲಾಗಿ ಹೆಸರಿನ ಅಂಕಿ ಬದಲಾದಾಗ ಹೊಸ ತಲೆಮಾರು ಬಂದಿತೆಂದು ಸಾರಲಾಗುತ್ತದೆ. ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೊದಲಾದ ಒಳಭಾಗಗಳು ಈ ಪಂಚಾಂಗವನ್ನೇ ಪಾಲಿಸಬೇಕೆಂಬ ನಿಯಮವೇನೂ ಇಲ್ಲ. ಅವು ಒಂದು ತಲೆಮಾರಿನ ನಡುವೆಯೇ, ಹೆಚ್ಚು ಸದ್ದುಗದ್ದಲವಿಲ್ಲದೆ ಬದಲಾಗುತ್ತವೆ. ಕೆಲವು ಬದಲಾಗದೆ ಮುಂದಿನ ತಲೆಮಾರಿಗೂ ದಾಟಿಕೊಳ್ಳುತ್ತವೆ. ಹೊಸ ಕಾರು ಕೊಳ್ಳುವವರಿಗೆ ಇದರಿಂದ ಹೆಚ್ಚು ವ್ಯತ್ಯಾಸವಾಗದು, ಏಕೆಂದರೆ ಅವರಿಗೆ ವಾರಂಟಿಯ ಆಸರೆ ಇರುತ್ತದೆ. ಹತ್ತು ಹದಿನೈದು ವರ್ಷ ಓಡಿದ ಕಾರನ್ನು ಕೊಳ್ಳುವವರಿಗಾದರೋ ಎಂಜಿನ್ನಿನೊಳಗಿನ ಒಂದು ಸಣ್ಣ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ಕೂರಿಸುವ ಪದರ) ಯಾವ ವರ್ಷದ್ದು ಎಂಬುದು, ಡ್ಯಾಶ್‌ಬೋರ್ಡ್‌ನ ಪ್ಲಾಸ್ಟಿಕ್ ಎಷ್ಟು ಮೃದುವಾಗಿದೆ ಎಂಬುದಕ್ಕಿಂತ ಎಷ್ಟೋ ಪಾಲು ಮುಖ್ಯ.

ಲೇಖನದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 350ಝಡ್ ಮಾರುಕಟ್ಟೆಗೆ ಬಂದದ್ದು 2002ರಲ್ಲಿ. 1969ರಲ್ಲಿ ಆರಂಭವಾದ ಝಡ್ ಸರಣಿಯ ಐದನೆಯ ತಲೆಮಾರು ಅದು. ಜಪಾನಿನಲ್ಲಿ ಫೇರ್‌ಲೇಡಿ ಝಡ್ ಎಂದೇ ಹೆಸರು. 2008ರ ಕೊನೆಯಲ್ಲಿ 370ಝಡ್ ಅನಾವರಣಗೊಳ್ಳುವವರೆಗೆ ಹೊರನೋಟಕ್ಕೆ ಈ ಕಾರು ಹೆಚ್ಚು ಬದಲಾಗಲಿಲ್ಲ. ದೀಪಗಳು, ಬಂಪರ್ ಸ್ವಲ್ಪ ತಿದ್ದಿಸಿಕೊಂಡವು, ಅಷ್ಟೆ. ಆದರೆ ಬಾನೆಟ್ಟಿನ ಕೆಳಗೆ ಅದೇ ಅವಧಿಯಲ್ಲಿ ಮೂರು ಬೇರೆ ಬೇರೆ ಎಂಜಿನ್‌ಗಳು ಬಂದುಹೋದವು. ಮೂರೂ 3.5 ಲೀಟರಿನ, ಆರು ಸಿಲಿಂಡರಿನ ವಿ6 ಎಂಜಿನ್‌ಗಳೇ ಆದ್ದರಿಂದ ಜಾಹೀರಾತುಗಳಲ್ಲಿ ಮೂರನ್ನೂ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಅವುಗಳ ಗುಣ ಮಾತ್ರ ಒಂದೇ ಅಲ್ಲ.

ಮೊದಲನೆಯದು ಡಿಇ ಎಂದು ಕರೆಯಲಾಗುವ ಎಂಜಿನ್. ಅಮೆರಿಕದ ಮಾರುಕಟ್ಟೆಯ ಲೆಕ್ಕದಲ್ಲಿ 287 ಅಶ್ವಶಕ್ತಿ, ಸುಮಾರು 371 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಎಂಜಿನ್ ಗಟ್ಟಿಮುಟ್ಟಾದದ್ದು, ಕೆಳಗಿನ ಸುತ್ತುಗಳಲ್ಲೂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳ ಲೆಕ್ಕ) ಸಲೀಸಾಗಿ ಎಳೆಯುತ್ತದೆ. ಆರಂಭದ ವರ್ಷಗಳ ಕಾರುಗಳಲ್ಲಿ ದೂರು ಕೇಳಿಬಂದದ್ದು ಬೇರೆ ಭಾಗಗಳ ಬಗ್ಗೆ: ಗೇರ್‌ಬಾಕ್ಸಿನ ಸಿಂಕ್ರೊಗಳು (ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಉಂಗುರಗಳು) ಬೇಗ ಸವೆಯುತ್ತಿದ್ದವು, ಮುಂದಿನ ಟೈರುಗಳ ಒಳ ಅಂಚು ಗರಗಸದ ಹಲ್ಲಿನಂತೆ ಸವೆದು ಗುಂಯ್‌ಗುಡುತ್ತಿತ್ತು. ಗೇರ್‌ಬಾಕ್ಸನ್ನು ಕಂಪನಿ ಹಂತಹಂತವಾಗಿ ಸುಧಾರಿಸಿತು. ಸಿಡಿ009 ಎಂಬ ಸಂಖ್ಯೆಯ ನಂತರದ ಗೇರ್‌ಬಾಕ್ಸ್ ಎಷ್ಟು ಗಟ್ಟಿ ಎಂದರೆ, ಬೇರೆ ಕಂಪನಿಗಳ ಕಾರುಗಳಿಗೆ ದೊಡ್ಡ ಎಂಜಿನ್ ಕೂರಿಸುವವರು ಇಂದಿಗೂ ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಹಳೆಯ ಗೇರ್‌ಬಾಕ್ಸ್ ಕೆಟ್ಟು ಆ ಜಾಗದಲ್ಲಿ ಸಿಡಿ009 ಕುಳಿತಿರುವ ಆರಂಭಿಕ ಕಾರು ಸಿಕ್ಕಿದರೆ, ರಿಪೇರಿಯಾದ ಕಾರು ಎಂದು ಮೂಗು ಮುರಿಯುವ ಬದಲು ಅದನ್ನು ಕಾರಿನ ಹೆಚ್ಚುಗಾರಿಕೆ ಎಂದೇ ಎಣಿಸಬೇಕು.

ಎರಡನೆಯದು, 2005ರಲ್ಲಿ ಕೆಲವು ಕಾರುಗಳಿಗೂ 2006ರಲ್ಲಿ ಎಲ್ಲ ಮ್ಯಾನುಯಲ್ ಗೇರಿನ ಕಾರುಗಳಿಗೂ ಬಂದ, ‘ರೆವ್-ಅಪ್’ ಎಂದು ಬಳಕೆಯಲ್ಲಿರುವ ಎಂಜಿನ್. ಇದು 7000 ಸುತ್ತಿನವರೆಗೆ ಓಡುತ್ತದೆ, 300 ಅಶ್ವಶಕ್ತಿ ಕೊಡುತ್ತದೆ. ಕಾಗದದ ಮೇಲೆ ಇದು ಹಿಂದಿನದಕ್ಕಿಂತ ಮೇಲು. ಆದರೆ ಟಾರ್ಕ್ ಸುಮಾರು 353 ನ್ಯೂಟನ್ ಮೀಟರಿಗೆ ಇಳಿಯಿತು, ಜೊತೆಗೆ ಆಯಿಲ್ ಕುಡಿಯುವ ಚಾಳಿಯೂ ಅಂಟಿಕೊಂಡಿತು. ಎಲ್ಲ ರೆವ್-ಅಪ್ ಎಂಜಿನ್‌ಗಳೂ ಹೀಗೇ ಎಂದು ಹೇಳಲಾಗದು. ಆದರೂ ಝಡ್ ಕಾರುಗಳನ್ನು ಬಲ್ಲ ಮೆಕ್ಯಾನಿಕ್‌ಗಳು 2005–06ರ ಮ್ಯಾನುಯಲ್ ಕಾರು ಎಂದೊಡನೆ ಮೊದಲು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡುವುದು ಸುಮ್ಮನೆ ಅಲ್ಲ. ಒಂದು ಆಯಿಲ್ ಬದಲಾವಣೆಯಿಂದ ಇನ್ನೊಂದರ ನಡುವೆ ಮಾಲೀಕರು ಎಷ್ಟು ಆಯಿಲ್ ತುಂಬಿಸಿದ್ದಾರೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಆ ಕಾರನ್ನು ಬಿಟ್ಟುಬಿಡುವುದು ಮೇಲು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಒಂದೇ ತಲೆಮಾರಿನೊಳಗೆ 2006ರ ಕಾರಿಗಿಂತ 2004ರ ಕಾರೇ ನಿಶ್ಚಿಂತೆಯ ಆಯ್ಕೆಯಾಗಬಹುದು. ‘ಹೊಸದೇ ಒಳ್ಳೆಯದು’ ಎಂಬ ಸೂತ್ರ ಕೆಲಸಕ್ಕೆ ಬಾರದಿರುವುದು ಇಲ್ಲಿಂದಲೇ ಆರಂಭವಾಗುತ್ತದೆ.

ಮೂರನೆಯದು 2007ರ ಮಾದರಿ ವರ್ಷದಲ್ಲಿ ಬಂದ ಎಚ್‌ಆರ್ ಎಂಜಿನ್. ಬಿಡಿಭಾಗಗಳಲ್ಲಿ ನೂರಕ್ಕೆ 80ರಷ್ಟು ಹೊಸವು ಎಂದು ಕಂಪನಿಯೇ ಹೇಳಿಕೊಂಡಿತ್ತು. 306 ಅಶ್ವಶಕ್ತಿ, ಸುಮಾರು 363 ನ್ಯೂಟನ್ ಮೀಟರ್ ಟಾರ್ಕ್, 7500ರವರೆಗೆ ಸುತ್ತು. ಅಂಕಿಗಳ ಏರಿಕೆ ಸಣ್ಣದಾಗಿ ಕಂಡರೂ ಸ್ವಭಾವ ಪೂರ್ತಿ ಬೇರೆ. ಮೇಲಿನ ಸುತ್ತುಗಳಲ್ಲಿ ಹಳೆಯ ಎಂಜಿನ್ ಏದುಸಿರು ಬಿಡುವ ಜಾಗದಲ್ಲಿ ಇದು ಇನ್ನೂ ಓಡುವ ಹುರುಪಿನಲ್ಲಿರುತ್ತದೆ. (ಈ ವರ್ಷಗಳ ನಡುವೆ ಅಮೆರಿಕದಲ್ಲಿ ಅಶ್ವಶಕ್ತಿಯನ್ನು ಅಳೆಯುವ ವಿಧಾನವೂ ಬಿಗಿಯಾಯಿತು. ಆದ್ದರಿಂದ 300, 306 ಎಂಬ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಆರೇ ಅಶ್ವಶಕ್ತಿ ಹೆಚ್ಚಾಯಿತೆಂದು ಲೆಕ್ಕ ಹಾಕುವುದು ಸರಿಯಾಗದು.)

ಈ ಎಂಜಿನ್ ಇರುವ ಕಾರನ್ನು ಗುರುತಿಸಲು ದಾಖಲೆಪತ್ರವೂ ಬೇಕಾಗಿಲ್ಲ. ಎಂಜಿನ್ನಿನ ಒಡಲಾದ ಬ್ಲಾಕ್ ಮೊದಲಿಗಿಂತ ತುಸು ಎತ್ತರವಾದ ಕಾರಣ ಬಾನೆಟ್ಟಿನ ನಡುವೆ ಉಬ್ಬು ಕೊಡಬೇಕಾಯಿತು. ಕಾರಿನ ಮುಂದೆ ಸ್ವಲ್ಪ ಬಗ್ಗಿ, ಬೆಳಕು ಅಡ್ಡಲಾಗಿ ಬೀಳುವಂತೆ ನೋಡಿದರೆ ಆ ಉಬ್ಬು ಸ್ಪಷ್ಟವಾಗಿ ಕಾಣುತ್ತದೆ. ಬಾನೆಟ್ ಎತ್ತಿದರೆ ಹಳೆಯ ಎಂಜಿನ್ನಿಗೆ ಒಂದೇ ಏರ್ ಫಿಲ್ಟರ್ ಪೆಟ್ಟಿಗೆ, ಎಚ್‌ಆರ್ ಎಂಜಿನ್ನಿಗೆ ಎಡಕ್ಕೊಂದು ಬಲಕ್ಕೊಂದು ಎರಡು ಪೆಟ್ಟಿಗೆಗಳು. ಉಬ್ಬಿರುವ ಬಾನೆಟ್ಟಿನ ಕೆಳಗೆ ಒಂದೇ ಪೆಟ್ಟಿಗೆ ಕಂಡರೆ, ಬಾನೆಟ್ ಬೇರೆ ಕಾರಿನಿಂದ ಬಂದದ್ದು ಎಂದು ತಿಳಿಯಬೇಕು. ಅದು ಏಕೆ ಬಂತು ಎಂದು ವಿಚಾರಿಸುವಾಗ ಮುಂಭಾಗಕ್ಕೆ ಪೆಟ್ಟು ಬಿದ್ದಿತ್ತೇ ಎಂಬ ಪ್ರಶ್ನೆಯೂ ತಾನಾಗಿಯೇ ಏಳುತ್ತದೆ.

ಇನ್ನು 370ಝಡ್. ಲೇಖಕರು ಅದನ್ನು ಹೊಗಳಿದ್ದರಲ್ಲಿ ನನ್ನ ತಕರಾರಿಲ್ಲ. ಗಾಲಿಗಳ ನಡುವಿನ ಅಂತರವನ್ನು 2650 ಮಿಲಿಮೀಟರಿನಿಂದ 2550ಕ್ಕೆ ಇಳಿಸಿದ್ದರಿಂದ ಕಾರು ತಿರುವುಗಳಲ್ಲಿ ಚುರುಕಾಯಿತು. ಬಾಗಿಲು, ಬಾನೆಟ್, ಹಿಂದಿನ ಮುಚ್ಚಳಗಳನ್ನು ಅಲ್ಯೂಮಿನಿಯಮ್ಮಿನಿಂದ ಮಾಡಿದ್ದರಿಂದ ಹೊಸ ಸೌಲಭ್ಯಗಳು ಸೇರಿದರೂ ತೂಕ ಹತೋಟಿಯಲ್ಲಿ ಉಳಿಯಿತು. ಎಂಜಿನ್ 3.7 ಲೀಟರಿಗೆ ಬೆಳೆದು 332 ಅಶ್ವಶಕ್ತಿ ಪಡೆಯಿತು. ಗೇರ್ ಇಳಿಸುವಾಗ ಎಂಜಿನ್ನಿನ ಸುತ್ತನ್ನು ತಾನೇ ಹೊಂದಿಸಿಕೊಡುವ ವ್ಯವಸ್ಥೆ ಮ್ಯಾನುಯಲ್ ಗೇರಿನ ಕಾರಿಗೆ ಮೊತ್ತಮೊದಲು ಬಂದದ್ದು ಇದರಲ್ಲಿಯೇ. 350ರ ಡಿಕ್ಕಿಯ ನಡುವೆ ಅಡ್ಡಲಾಗಿ ಮಲಗಿ ಸಾಮಾನಿಗೆ ಜಾಗವೇ ಇಲ್ಲದಂತೆ ಮಾಡಿದ್ದ ದಪ್ಪ ಕಂಬಿಯನ್ನು 370ರಲ್ಲಿ ಸೀಟಿನ ಬೆನ್ನಿಗೆ ಸರಿಸಲಾಯಿತು. ದಿನಬಳಕೆಗೆ ಕಾರು ಬೇಕಾದವರಿಗೆ ಅಶ್ವಶಕ್ತಿಯ ಏರಿಕೆಗಿಂತ ಈ ಕಂಬಿ ಸರಿದದ್ದೇ ದೊಡ್ಡ ಉಪಕಾರ. ಹಿಂದಿನ ನೋಟ ಮಾತ್ರ ಎರಡು ಕಾರುಗಳಲ್ಲೂ ಅಷ್ಟಕ್ಕಷ್ಟೆ, ಒರಟು ರಸ್ತೆಯ ಸದ್ದು 370ರಲ್ಲೂ ಒಳಗೆ ನುಗ್ಗುತ್ತದೆ.

ಟಾರ್ಕಿನ ವಿಷಯದಲ್ಲಿ ಒಂದು ಮಾತು. 370ರದ್ದು ಸುಮಾರು 366 ನ್ಯೂಟನ್ ಮೀಟರ್, ಅದೂ 5200 ಸುತ್ತಿನಲ್ಲಿ; 2003ರ 350ರದ್ದು ಸುಮಾರು 371, 4800 ಸುತ್ತಿನಲ್ಲಿ. ಅಳತೆಯ ವಿಧಾನ ಬದಲಾದದ್ದಕ್ಕೆ ಸ್ವಲ್ಪ ಬಿಟ್ಟುಕೊಟ್ಟರೂ, ಸಾಧಾರಣ ವೇಗದಲ್ಲಿ ಊರೊಳಗೆ ಓಡಿಸುವವರ ಕಾಲಿಗೆ ಇವೆರಡರ ವ್ಯತ್ಯಾಸ ಲೇಖನ ಸೂಚಿಸುವಷ್ಟು ದೊಡ್ಡದಾಗಿ ತಿಳಿಯುವುದಿಲ್ಲ. ಹೊಸ ಎಂಜಿನ್ನಿನ ಬಲವೆಲ್ಲ ಇರುವುದು ಮೇಲಿನ ಸುತ್ತುಗಳಲ್ಲಿ.

ಲೇಖನದಲ್ಲಿ ಒಂದು ಸಾಲನ್ನೂ ಪಡೆಯದ ಸಂಗತಿ ಇದಾದ ಮೇಲೆ ಬರುತ್ತದೆ. 370ರ ವಿಎಚ್‌ಆರ್ ಎಂಜಿನ್ 2007ರ ಎಚ್‌ಆರ್ ಎಂಜಿನ್ನಿನ ಕುಟುಂಬಕ್ಕೇ ಸೇರಿದ್ದು. ಆದ್ದರಿಂದ ಆ ಎಂಜಿನ್ನಿನ ಎರಡು ದೌರ್ಬಲ್ಯಗಳೂ ಇದಕ್ಕೆ ಬಳುವಳಿಯಾಗಿ ಬಂದವು. ಮೊದಲನೆಯದು ಕ್ಲಚ್ಚಿಗೆ ಸಂಬಂಧಿಸಿದ್ದು. ಹಳೆಯ ಡಿಇ ಕಾರುಗಳಲ್ಲಿ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಹೊರಗಡೆ ಇತ್ತು. ಸೋರಿದರೆ ಎರಡು ಬೋಲ್ಟ್ ಬಿಚ್ಚಿ ಬದಲಾಯಿಸಬಹುದಾದ ಅಗ್ಗದ ಭಾಗ. 2007ರಿಂದ ಅದನ್ನು ಗೇರ್‌ಬಾಕ್ಸಿನ ಬಾಯಿಯೊಳಗೆ, ಶಾಫ್ಟಿನ ಸುತ್ತ ಕೂರುವಂತೆ ಮಾಡಿದರು. ಪ್ಲಾಸ್ಟಿಕ್ ಮೈಯ ಆ ಸಿಲಿಂಡರ್ ಸೋರತೊಡಗಿದರೆ ಕ್ಲಚ್ ಪೆಡಲ್ ನೆಲಕ್ಕೆ ಅಂಟಿಕೊಳ್ಳುತ್ತದೆ, ಮತ್ತು ಅಷ್ಟು ಸಣ್ಣ ಭಾಗಕ್ಕಾಗಿ ಇಡೀ ಗೇರ್‌ಬಾಕ್ಸನ್ನು ಕೆಳಗಿಳಿಸಬೇಕಾಗುತ್ತದೆ. ಕ್ಲಚ್ ಬದಲಾಯಿಸುವಾಗಲೇ ಇದನ್ನೂ ಗಟ್ಟಿಯಾದ ಬೇರೆ ಭಾಗದಿಂದ ಬದಲಾಯಿಸಿದ ರಸೀದಿ ಇದ್ದರೆ ಮಾರುವವರು ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ, ತೋರಿಸಲೂ ಬೇಕು.

ಎರಡನೆಯದು ಇದಕ್ಕಿಂತ ಗಂಭೀರ. ಎಂಜಿನ್ನಿನ ಮುಂಭಾಗದಲ್ಲಿ ಟೈಮಿಂಗ್ ಚೈನಿನ ಹಿಂದಿನ ಕವಚದ ಬಳಿ ಆಯಿಲ್ ಹಾದುಹೋಗುವ ದಾರಿಗಳನ್ನು ಮುಚ್ಚುವ ಗ್ಯಾಸ್ಕೆಟ್ ಇದೆ. ಎಚ್‌ಆರ್ ಎಂಜಿನ್ನಿನಲ್ಲೂ 370ರ ಮೊದಲ ವರ್ಷಗಳಲ್ಲೂ ಇದು ಕಾಗದದಂಥ ವಸ್ತುವಿನದಾಗಿತ್ತು. ಬಿಸಿ, ಒತ್ತಡಗಳಿಗೆ ಸಿಕ್ಕಿ ವರ್ಷಗಳು ಕಳೆದಂತೆ ಇದರ ಒಂದು ತುಣುಕು ಹರಿದುಹೋಗುತ್ತದೆ, ಆಯಿಲ್ ಒತ್ತಡ ಕುಸಿಯುತ್ತದೆ. ಇದರ ಕೆಡುಕು ಇರುವುದೇ ಇಲ್ಲಿ: ಸೋರಿದ ಆಯಿಲ್ ಹೊರಗೆ ಬರುವುದಿಲ್ಲ, ಎಂಜಿನ್ನಿನೊಳಗೇ ಇಳಿದು ಮತ್ತೆ ತಳದ ಆಯಿಲ್ ತೊಟ್ಟಿಗೆ ಸೇರುತ್ತದೆ. ಆದ್ದರಿಂದ ಕಾರು ನಿಂತ ಜಾಗದಲ್ಲಿ ಕಲೆಯಿಲ್ಲ, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಸರಿಯಾಗಿಯೇ ಇರುತ್ತದೆ, ಹೊಗೆಯೂ ಇಲ್ಲ. ಕಣ್ಣಳತೆಯ ಯಾವ ಪರೀಕ್ಷೆಗೂ ಸಿಗದ ದೋಷ ಇದು. ಗ್ಯಾಸ್ಕೆಟ್ಟಿನ ಬೆಲೆ ಅತ್ಯಲ್ಪ, ಅಲ್ಲಿಗೆ ಕೈ ತಲುಪಲು ಎಂಜಿನ್ನಿನ ಮುಂಭಾಗವನ್ನೆಲ್ಲ ಬಿಚ್ಚಬೇಕಾದ ಕೂಲಿ ಮಾತ್ರ ಅತಿ ದುಬಾರಿ.

ವಿಚಿತ್ರವೆಂದರೆ, ಈ ದೋಷವನ್ನು ಮುನ್ಸೂಚಿಸಬಲ್ಲ ಆಯಿಲ್ ಒತ್ತಡದ ಮಾಪಕ ಹಳೆಯ 350ರ ಡ್ಯಾಶ್‌ಬೋರ್ಡಿನ ನಡುವಿನ ಮೂರು ಬಟ್ಟಲುಗಳಲ್ಲಿ ಒಂದರಲ್ಲಿತ್ತು. 370ರಲ್ಲಿ ಆ ಮೂರು ಬಟ್ಟಲುಗಳು ಉಳಿದವು, ಆದರೆ ಒತ್ತಡದ ಮಾಪಕ ಹೋಗಿ ಆಯಿಲಿನ ಉಷ್ಣತೆಯ ಮಾಪಕ ಬಂತು, ಇನ್ನೊಂದರಲ್ಲಿ ಗಡಿಯಾರ ಕುಳಿತಿತು. ಹೀಗಾಗಿ 370 ಕೊಳ್ಳುವವರು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಅಂದರೆ ಒಂದಷ್ಟು ದೂರ ಓಡಿಸಿ ತಂದ ಮೇಲೆ, ಮೆಕ್ಯಾನಿಕ್ ಕೈಯಲ್ಲಿ ಹೊರಗಿನ ಮಾಪಕ ಸಿಕ್ಕಿಸಿ ಐಡ್ಲಿಂಗಿನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮೆಲ್ಲಗೆ ಓಡುತ್ತಿರುವಾಗ, ಒತ್ತಡ ಎಷ್ಟಿದೆ ಎಂದು ಅಳೆಸಬೇಕು. ತಣ್ಣಗಿರುವಾಗ ಅಳೆದರೆ ದಪ್ಪ ಆಯಿಲ್ ದೋಷವನ್ನು ಮುಚ್ಚಿಡುತ್ತದೆ. ಮಾರುವವರು ಈ ಪರೀಕ್ಷೆಗೆ ಒಪ್ಪದಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬಹುದು.

ಉಷ್ಣತೆಯ ಮಾಪಕಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಮಾನ್ಯತೆ ಸಿಕ್ಕಿದ್ದಕ್ಕೆ ಕೆಲಸವೂ ಇತ್ತೆನ್ನಬೇಕು. 370ರ ಆರಂಭಿಕ ವರ್ಷಗಳಲ್ಲಿ ರೇಸ್ ಟ್ರ್ಯಾಕಿನಲ್ಲಿ ಸ್ವಲ್ಪ ಹೊತ್ತು ಜೋರಾಗಿ ಓಡಿಸಿದರೆ ಆಯಿಲ್ ವಿಪರೀತ ಬಿಸಿಯಾಗುತ್ತಿತ್ತು. ಅದು 140 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತಿದ್ದಂತೆ ಕಂಪ್ಯೂಟರ್ ಎಂಜಿನ್ನಿನ ಸುತ್ತನ್ನು ತಗ್ಗಿಸಿ ಅದನ್ನು ಕಾಪಾಡುತ್ತಿತ್ತು. 2012ರ ಸುಮಾರಿಗೆ ಹಲವು ಮಾದರಿಗಳಿಗೆ ಕಾರ್ಖಾನೆಯಿಂದಲೇ ಆಯಿಲ್ ಕೂಲರ್ ಬಂದಿತು. ಆರಂಭದ ವರ್ಷಗಳಲ್ಲಿ ಸ್ಟೀರಿಂಗನ್ನು ಬಂಧಿಸುವ ಎಲೆಕ್ಟ್ರಾನಿಕ್ ಬೀಗ ಕೈಕೊಟ್ಟು ಕಾರು ಸ್ಟಾರ್ಟ್ ಆಗದೆ ನಿಲ್ಲುವ ತೊಂದರೆಯೂ ಇತ್ತು, ಅದೂ ಕ್ರಮೇಣ ನಿವಾರಣೆಯಾಯಿತು. ಆಯಿಲ್ ದಾರಿಯ ಗ್ಯಾಸ್ಕೆಟ್ ಕೂಡ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ ಲೋಹದ್ದಾಯಿತು. 2013ರ ಮಾದರಿಯಿಂದ ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿ ನಿಲುವಾಗಿ ಎಲ್‌ಇಡಿ ದೀಪದ ಪಟ್ಟಿಗಳು ಬಂದವು. ಬಂಪರ್ ಬದಲಾಯಿಸದ ಕಾರಾದರೆ ಇದೇ ಸುಲಭದ ಗುರುತು.

ಈಗ ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಲೇಖನದ ಎರಡು ಅಂಕಣಗಳ ಹೋಲಿಕೆ ನಿಲ್ಲುವುದಿಲ್ಲ. ಮೆಕ್ಯಾನಿಕ್ಕಿನ ಕಣ್ಣಿನಲ್ಲಿ 2008ರ 350ಝಡ್, 2004ರ 350ಝಡ್‌ಗಿಂತ 2009ರ 370ಝಡ್‌ಗೆ ಹತ್ತಿರದ ನೆಂಟ. 2009ರ 370ಝಡ್ ಮತ್ತು 2014ರ 370ಝಡ್ ಒಂದೇ ಹೆಸರಿನವಾದರೂ ಕೊಳ್ಳುವವರ ಮೇಲೆ ಹೊರಿಸುವ ಅಪಾಯ ಬೇರೆ ಬೇರೆ. ಕೈಯಲ್ಲಿರುವ ಹಣಕ್ಕೆ ಅತಿ ಹೊಸ ತಲೆಮಾರು ಎಂಬ ಸೂತ್ರವನ್ನು ಅಕ್ಷರಶಃ ಪಾಲಿಸಿದವರು ಎಲ್ಲಿಗೆ ತಲುಪುತ್ತಾರೆಂದರೆ, ಬಹುಪಾಲು 2009 ಅಥವಾ 2010ರ, ಅಂದರೆ ಹೊಸ ತಲೆಮಾರಿನಲ್ಲೇ ಅತ್ಯಂತ ಅಗ್ಗವಾಗಿ ಸಿಗುವ ಕಾರಿಗೆ. ಕಾಗದದ ಗ್ಯಾಸ್ಕೆಟ್, ಒಳಗಿನ ಸ್ಲೇವ್ ಸಿಲಿಂಡರ್, ಕೂಲರ್ ಇಲ್ಲದ ಆಯಿಲ್ ವ್ಯವಸ್ಥೆ, ಸ್ಟೀರಿಂಗಿನ ಬೀಗ ಎಲ್ಲವೂ ಒಟ್ಟಾಗಿ ಸಿಗುವುದು ಆ ಕಾರಿನಲ್ಲಿಯೇ. ಅದು ಅಗ್ಗವಾಗಿರುವುದಕ್ಕೆ ಇವೂ ಕಾರಣವಿರಬಹುದೆಂದು ಸೂತ್ರ ಹೇಳುವುದಿಲ್ಲ.

ತೀರಾ ಇತ್ತೀಚಿನ ಝಡ್ ಕೂಡ ಈ ಮಾತಿಗೆ ಪೂರಕವಾಗಿದೆ. 2022ರಲ್ಲಿ ಮಾರುಕಟ್ಟೆಗೆ ಬಂದ, ಎರಡು ಟರ್ಬೊಗಳ 3.0 ಲೀಟರಿನ 400 ಅಶ್ವಶಕ್ತಿಯ ಈ ಕಾರನ್ನು ಹೊಸ ತಲೆಮಾರು ಎನ್ನುತ್ತಾರೆ. ಎಂಜಿನ್ ದೃಷ್ಟಿಯಿಂದ ಅದು ನಿಜವೂ ಹೌದು. ಆದರೆ ಮೈಕಟ್ಟಿನ ತಳಹದಿ ಬಹುಮಟ್ಟಿಗೆ 370ರದ್ದೇ, ಕಂಪನಿಯ ಒಳಸಂಕೇತವೂ ಝಡ್34ರ ಮುಂದೆ ಒಂದು ಆರ್ ಅಕ್ಷರ ಸೇರಿಸಿಕೊಂಡದ್ದು ಅಷ್ಟೆ.

ಇದು ಒಂದು ಕಂಪನಿಯ ಕಥೆ ಮಾತ್ರವಲ್ಲ. ಪೋರ್ಷೆಯ ಕೇಮನ್ ಕೂಪೆಯ ಮೊದಲ ತಲೆಮಾರಿನಲ್ಲಿ 2009ರ ಮಾದರಿಗೆ ಎಂಜಿನ್ ಕುಟುಂಬವೇ ಬದಲಾಗಿ, ಹಿಂದಿನ ಎಂಜಿನ್‌ಗಳಲ್ಲಿ ಬೇರಿಂಗಿನ ಚಿಂತೆಗೆ ಕಾರಣವಾಗಿದ್ದ ಇಂಟರ್‌ಮೀಡಿಯೆಟ್ ಶಾಫ್ಟ್ (ಎಂಜಿನ್ನಿನೊಳಗಿನ ನಡುವಣ ದಂಡ) ಇಲ್ಲವಾಯಿತು. ಹೊರಗಿನಿಂದ ನೋಡಿದವರಿಗೆ ಮಾತ್ರ ಅದು ದೀಪ ಬದಲಾದ ಅದೇ ಕಾರು. ಅದೇ ಕೇಮನ್ 2016ರಲ್ಲಿ 718 ಎಂಬ ಹೆಸರು ಪಡೆದಾಗ ಆರು ಸಿಲಿಂಡರಿನ ಬದಲು ಟರ್ಬೊ ಇರುವ ನಾಲ್ಕು ಸಿಲಿಂಡರಿನ ಎಂಜಿನ್ ಬಂತು. ಅಲ್ಲಿ ತಲೆಮಾರಿನ ಗೆರೆಯೂ ಎಂಜಿನ್ನಿನ ಗೆರೆಯೂ ಒಂದೇ ಆದವು. ಟೊಯೊಟಾ 86 ಮತ್ತು ಸುಬಾರು ಬಿಆರ್‌ಝಡ್ ಜೋಡಿಯದೂ ಹೀಗೆಯೇ. 2021ರಲ್ಲಿ ಬಂದ ಎರಡನೆಯ ತಲೆಮಾರಿಗೆ 2.0 ಲೀಟರಿನ ಬದಲು 2.4 ಲೀಟರ್ ಎಂಜಿನ್ ಸಿಕ್ಕಿತು, ಟಾರ್ಕ್ 205ರಿಂದ 250 ನ್ಯೂಟನ್ ಮೀಟರಿಗೆ ಏರಿತು. ಅದಕ್ಕಿಂತ ಹೆಚ್ಚಾಗಿ, 6400 ಸುತ್ತು ದಾಟಿದ ಮೇಲೆ ಸಿಗುತ್ತಿದ್ದ ಪೂರ್ಣ ಟಾರ್ಕ್ 3700 ಸುತ್ತಿಗೇ ಸಿಗತೊಡಗಿತು. ಆ ಕಾರಿನ ವಿಷಯದಲ್ಲಿ ಹೊಸ ತಲೆಮಾರಿಗೆ ಹೋಗಿ ಎಂದರೆ ನಾನೂ ದನಿಗೂಡಿಸುತ್ತೇನೆ. ಆದರೆ ಮೊದಲ ತಲೆಮಾರಿನೊಳಗೂ ಒಂದು ಗೆರೆಯಿದೆ: ಆರಂಭದ 2012–13ರ ಸುಮಾರಿನ ಕಾರುಗಳನ್ನು ವಾಲ್ವ್ ಸ್ಪ್ರಿಂಗ್ ದೋಷಕ್ಕಾಗಿ 2018ರಲ್ಲಿ ಹಿಂದಕ್ಕೆ ಕರೆಸಲಾಯಿತು. ಅದು ಎಂಜಿನ್ ಹೊರತೆಗೆದು ಮಾಡುವ ಕೆಲಸವಾದ್ದರಿಂದ, ಮರುಜೋಡಣೆಯಲ್ಲಿ ಹೆಚ್ಚಾಗಿ ಹಚ್ಚಿದ ಸೀಲಂಟ್ (ಸೋರದಂತೆ ತಡೆಯುವ ಅಂಟು) ಆಯಿಲ್ ದಾರಿಗೆ ಅಡ್ಡವಾದ ದೂರುಗಳೂ ಕೇಳಿಬಂದಿದ್ದವು. ಅಂಥ ಕಾರನ್ನು ನೋಡುವಾಗ ರಿಪೇರಿ ಆಗಿದೆಯೇ ಎಂಬುದರ ಜೊತೆಗೆ, ಆದ ಮೇಲೆ ಎಷ್ಟು ಕಿಲೋಮೀಟರ್ ನಿರಾತಂಕವಾಗಿ ಓಡಿದೆ ಎಂದೂ ಕೇಳಬೇಕು.

ತಯಾರಿಕೆಯ ವರ್ಷ ಗೊತ್ತಾದ ಮೇಲೆ ಎದುರಿಗಿರುವ ಆ ಒಂದು ಕಾರಿನ ಸ್ಥಿತಿಗತಿಯ ಪ್ರಶ್ನೆ ಬರುತ್ತದೆ. ಸ್ಪೋರ್ಟ್ಸ್ ಕೂಪೆಗಳ ಬದುಕು ಕುಟುಂಬದ ಕಾರುಗಳಂತೆ ಸಾಧುವಾಗಿ ಸಾಗಿರುವುದಿಲ್ಲ ಎಂಬುದನ್ನು ಲೇಖಕರು ಇನ್ನಷ್ಟು ಒತ್ತಿ ಹೇಳಬೇಕಿತ್ತು. ಕೈಬದಲಾದಷ್ಟೂ ಕಾರು ಅಗ್ಗವಾಗುತ್ತದೆ, ಅಗ್ಗವಾದಷ್ಟೂ ಸರ್ವಿಸ್‌ಗಿಂತ ಸೈಲೆನ್ಸರಿಗೆ ಖರ್ಚು ಮಾಡುವವರ ಕೈ ಸೇರುತ್ತದೆ. ಕಾರ್ಖಾನೆಯಿಂದ ಬಂದಂತೆ ಉಳಿದಿರುವ ಕಾರು ಸಿಕ್ಕಿದರೆ ಓಡಿದ ಕಿಲೋಮೀಟರ್ ಸ್ವಲ್ಪ ಹೆಚ್ಚಿದ್ದರೂ ಅದಕ್ಕೇ ಮೊದಲ ಮಣೆ ಹಾಕುವುದು ನನ್ನ ರೂಢಿ. ತಗ್ಗಿಸಿದ ಸ್ಪ್ರಿಂಗ್‌ಗಳು, ಅಗಲಿಸಿದ ಗಾಲಿಗಳು, ಯಾರೋ ತಿದ್ದಿದ ಎಂಜಿನ್ ಕಂಪ್ಯೂಟರ್ ಇರುವ ಕಾರಿನಲ್ಲಿ ಮೂಲ ಭಾಗಗಳನ್ನು ತೆಗೆದಿಟ್ಟಿದ್ದಾರೆಯೇ ಎಂದು ವಿಚಾರಿಸಬೇಕು. ಇಟ್ಟುಕೊಂಡವರು ಸಾಮಾನ್ಯವಾಗಿ ಲೆಕ್ಕಾಚಾರದ ಮನುಷ್ಯರಾಗಿರುತ್ತಾರೆ.

ಝಡ್ ಕಾರುಗಳಲ್ಲಿ ಯಾರು ಬೇಕಾದರೂ ಮಾಡಬಹುದಾದ ಒಂದೆರಡು ಪರೀಕ್ಷೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇವುಗಳ ಬಾಗಿಲಿಗೆ ಗಾಜಿನ ಸುತ್ತ ಚೌಕಟ್ಟು ಇಲ್ಲ. ಹಿಡಿಕೆಯನ್ನು ಎಳೆದೊಡನೆ, ಬಾಗಿಲು ತೆರೆಯುವುದಕ್ಕೂ ಮೊದಲೇ ಗಾಜು ಒಂದಿಷ್ಟು ಕೆಳಗಿಳಿಯಬೇಕು. ಬಾಗಿಲು ಮುಚ್ಚಿದ ಮೇಲೆ ಮತ್ತೆ ಏರಿ ರಬ್ಬರಿನೊಳಗೆ ಕೂರಬೇಕು. ಇಳಿಯದಿದ್ದರೆ, ಅಥವಾ ಇಳಿಯುವಾಗ ತಡವರಿಸಿದರೆ ಕಿಟಕಿಯ ಮೋಟಾರು ಸಾಯುವ ಹಂತದಲ್ಲಿದೆ ಎಂದರ್ಥ, 350ರಲ್ಲಿ ಇದು ಬಹಳ ಸಾಮಾನ್ಯ. ಆ ಸ್ಥಿತಿಯಲ್ಲಿ ಎಷ್ಟೋ ಕಾಲ ಓಡಿಸಿದ ಕಾರಿನಲ್ಲಿ ರಬ್ಬರಿನ ಅಂಚು ತಿಂದುಹೋಗಿ ಮಳೆನೀರು ಒಳಗಿಳಿದಿರುತ್ತದೆ. ಸೀಟಿನ ಕೆಳಗಿನ ನೆಲಹಾಸನ್ನು ಬರಿಗೈಯಿಂದ ಒತ್ತಿ ನೋಡಿದರೆ ತಿಳಿಯುತ್ತದೆ. ಬ್ರೇಕ್ ಒತ್ತಿದಾಗ ಮುಂಭಾಗದಿಂದ ಕಟಕ್ ಎಂಬ ಸದ್ದು ಬಂದು ಸ್ಟೀರಿಂಗ್ ನಡುಗಿದರೆ ಮುಂದಿನ ಗಾಲಿಯನ್ನು ಹಿಡಿದಿಡುವ ಕಂಪ್ರೆಷನ್ ರಾಡಿನ ರಬ್ಬರ್ ಬುಶ್‌ಗಳು ಒಡೆದಿವೆ. ಟೈರಿನ ಒಳ ಅಂಚು ಸವೆದಿರುವುದೂ ಇದರ ಜೊತೆಗೇ ಕಾಣುತ್ತದೆ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಹಿಂದಿನಿಂದ ಗುದ್ದಿದಂತಾದರೆ, ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಬುಶ್ ಒಡೆದಿದೆ. ಇವು ಬೆಲೆ ಇಳಿಸಿಕೊಳ್ಳಲು ಸಾಕಾಗುವ ದೋಷಗಳೇ ಹೊರತು ಕಾರನ್ನು ಬಿಟ್ಟುಬರಲು ಕಾರಣಗಳಲ್ಲ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಬೇಕು, ನೋಡಲು ಹೋಗುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹಿಂತಿರುಗುವುದೇ ಸರಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು ಎಂದು ಓದುಗರು ಕೇಳುವುದು ಸಹಜ. ಪ್ರತಿದಿನ ಕೆಲಸಕ್ಕೆ ಹೋಗಿಬರಲು, ಆಗೀಗ ದೂರ ಪ್ರಯಾಣಕ್ಕೆ, ಹೆಚ್ಚು ತಲೆನೋವಿಲ್ಲದೆ ಕಾರು ಬೇಕೆನ್ನುವವರಿಗೆ 2013 ಅಥವಾ ಅದರ ನಂತರದ 370ಝಡ್ ಒಳ್ಳೆಯ ಆಯ್ಕೆ. ಅಲ್ಲಿ ಲೇಖಕರಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಅಷ್ಟು ಹಣ ಇಲ್ಲದವರು 2009–10ರ 370ಕ್ಕೆ ಕೈಚಾಚುವ ಬದಲು 2007–08ರ 350ಝಡ್ ಹುಡುಕುವುದು ಲೇಸು. ಗ್ಯಾಸ್ಕೆಟ್ಟಿನ ಭಯ ಎರಡರಲ್ಲೂ ಒಂದೇ ಆಗಿರುವಾಗ, 350ರಲ್ಲಿ ಉಳಿಯುವ ಹಣದಲ್ಲಿ ಆ ಕೆಲಸವನ್ನೂ ಕ್ಲಚ್ಚಿನ ಕೆಲಸವನ್ನೂ ಒಮ್ಮೆಲೇ ಮಾಡಿಸಿ ನೆಮ್ಮದಿಯಾಗಿರಬಹುದು. ಮೇಲಾಗಿ ಒತ್ತಡದ ಮಾಪಕ ಕಣ್ಣೆದುರಿಗೇ ಇರುತ್ತದೆ. ಅದಕ್ಕೂ ಕಡಿಮೆ ಹಣದಲ್ಲಿ, ಸ್ವಂತ ಕೈಯಿಂದ ಸ್ಪ್ಯಾನರ್ ಹಿಡಿದು ಕೆಲಸ ಮಾಡುವ ಉಮೇದಿರುವವರಿಗೆ ದಾಖಲೆಗಳು ಸರಿಯಿರುವ ಡಿಇ ಎಂಜಿನ್ನಿನ ಕಾರೇ ಸಾಕು. ಅದರ ತೊಂದರೆಗಳು ಹೊರಗಡೆಯೇ ಇರುತ್ತವೆ, ಕೈಗೆಟಕುತ್ತವೆ. 2005–06ರ ಮ್ಯಾನುಯಲ್ ಕಾರುಗಳನ್ನು ಮಾತ್ರ, ಆಯಿಲ್ ಲೆಕ್ಕ ಬರೆದಿಟ್ಟ ಮಾಲೀಕರು ಸಿಕ್ಕಿದ ಹೊರತು, ನಾನು ಯಾರಿಗೂ ಶಿಫಾರಸು ಮಾಡಲಾರೆ.

ಕೊನೆಯದಾಗಿ ಸಂಪಾದಕರಲ್ಲಿ ಒಂದು ವಿನಂತಿ. ವಾಹನ ಪುಟದಲ್ಲಿ ಇಂಥ ಹೋಲಿಕೆಗಳನ್ನು ಮುಂದೆ ಪ್ರಕಟಿಸುವಾಗ, ಪ್ರತಿ ತಲೆಮಾರಿಗೆ ಒಂದೇ ಅಂಕಣ ಕೊಡುವ ಕೋಷ್ಟಕದ ಬದಲು, ಎಂಜಿನ್ ಅಥವಾ ಮುಖ್ಯ ಭಾಗ ಬದಲಾದ ವರ್ಷಕ್ಕೆ ಪ್ರತ್ಯೇಕ ಅಂಕಣ ಕೊಟ್ಟು, ಆಯಾ ವರ್ಷದ ಕಾರನ್ನು ಹೊರಗಿನಿಂದ ಗುರುತಿಸುವ ಚಿಹ್ನೆ ಯಾವುದು, ಕಂಪನಿ ಅದನ್ನು ಯಾವ ದೋಷಕ್ಕಾಗಿ ಹಿಂದಕ್ಕೆ ಕರೆಸಿತ್ತು ಎಂಬುದನ್ನು ಅದರ ಕೆಳಗೆ ಒಂದೆರಡು ಸಾಲಿನಲ್ಲಿ ಕೊಡಬೇಕೆಂದು ಕೋರುತ್ತೇನೆ. ಜಾಗ ಸಾಲದಿದ್ದರೆ ಅಶ್ವಶಕ್ತಿಯ ಸಾಲನ್ನು ಕೈಬಿಟ್ಟರೂ ಅಡ್ಡಿಯಿಲ್ಲ, ಅದನ್ನು ಮಾರುವವರು ಕೇಳದೆಯೇ ಹೇಳುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ವಾಹನ ಪುಟದ ಓದುಗ